ಸೆಲ್ಫಿನ ಹಲ್ಲು ಕೂಡದಿದ್ದರೆ

ಆಗಸ್ಟ್ ಮೊದಲ ವಾರ. ಮಳೆ ಬಿದ್ದು ಎರಡು ದಿನವಾಗಿತ್ತು, ಹೊಲ ಹದಕ್ಕೆ ಬಂದಿತ್ತು. ರಾಗಿ ಬಿತ್ತನೆಗೆ ಇದಕ್ಕಿಂತ ತಡ ಮಾಡುವ ಹಾಗಿರಲಿಲ್ಲ. ಬೆಳಿಗ್ಗೆ ಟ್ರ್ಯಾಕ್ಟರ್ ಹತ್ತಿ ಕೀಲಿ ತಿರುಗಿಸಿದೆ. ಕುಂಯ್ ಅಂತ ಸೆಲ್ಫ್ ಮೋಟರ್ ತಿರುಗಿತು. ಎಂಜಿನ್ ಮಾತ್ರ ಮಿಸುಕಲಿಲ್ಲ. ಮೂರು ಸಲ, ನಾಲ್ಕು ಸಲ ಹೊಡೆದೆ. ಅದೇ ಕುಂಯ್. ಬ್ಯಾಟರಿ ಸರಿಯಾಗಿದೆ, ಮೋಟರೂ ಸರಿಯಾಗಿದೆ, ಆದರೆ ಮೋಟರಿನ ಶಕ್ತಿ ಎಂಜಿನ್ನಿಗೆ ಹೋಗ್ತಾ ಇಲ್ಲ.

ಬೆಂಡಿಕ್ಸ್ ಹೋಗಿದೆ ಅಂತ ಯಾರಾದರೂ ಹೇಳುತ್ತಾರೆ. ಅದು ನಿಜವೇ ಆಗಿತ್ತು. ನಾನು ಮಾಡಿದ ತಪ್ಪು ಆಮೇಲಿನದು. ಅವಸರದಲ್ಲಿ ಬಸ್ ಹತ್ತಿ ಪೇಟೆಗೆ ಹೋದೆ. ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹೋಗಲಿಲ್ಲ. ಅಂಗಡಿಯಲ್ಲಿ "25 ಹೆಚ್.ಪಿ. ಟ್ರ್ಯಾಕ್ಟರಿಂದು ಒಂದು ಬೆಂಡಿಕ್ಸ್ ಕೊಡಿ" ಅಂದೆ. ಕೊಟ್ಟರು. ಮನೆಗೆ ತಂದು ನೋಡಿದರೆ ಹಲ್ಲು ಒಂಬತ್ತು, ಹಳೆಯದಕ್ಕೂ ಒಂಬತ್ತು. ಶಾಫ್ಟಿನ ಮೇಲೆ ನುಣ್ಣಗೆ ಜಾರಿತು. ನೆಲದ ಮೇಲಿಟ್ಟು ಬ್ಯಾಟರಿ ಕೊಟ್ಟರೆ ಪಿನಿಯನ್ ಮುಂದೆ ಬಂದು ಚೆನ್ನಾಗಿ ತಿರುಗಿತು. ಕೂರಿಸಿದೆವು. ಕರ್ರ್ ಅಂತ ಒಂದು ಸದ್ದು ಮಾಡಿ ಎಂಜಿನ್ ಎದ್ದಿತು. ಹೊಸದಲ್ಲವೇ, ಸವೆದು ಹೊಂದಿಕೊಳ್ಳುತ್ತೆ ಅಂದುಕೊಂಡೆ.

ಹನ್ನೆರಡನೇ ದಿನಕ್ಕೆ ರಿಂಗ್ ಗೇರಿನ ಹಲ್ಲು ಮೂರು ಕಡೆ ಮುಕ್ಕಾಗಿತ್ತು. ಸೆಲ್ಫಿನ ಮೂತಿಯ ಎರಕ ಸೀಳಿತ್ತು. ರಿಂಗ್ ಗೇರ್ ಬದಲಿಸಬೇಕೆಂದರೆ ಟ್ರ್ಯಾಕ್ಟರನ್ನು ಸೊಂಟದಲ್ಲಿ ಎರಡು ತುಂಡು ಮಾಡಿ, ಕ್ಲಚ್ ಬಿಚ್ಚಿ, ಫ್ಲೈವೀಲ್ ಇಳಿಸಬೇಕು. ಏಳು ನೂರು ರೂಪಾಯಿಯ ಸಾಮಾನು ಹದಿಮೂರು ಸಾವಿರಕ್ಕೆ ಬಂದು ನಿಂತಿತು. ಉಳಿದ ಹೊಲಕ್ಕೆ ಗಂಟೆ ಲೆಕ್ಕದ ಬಾಡಿಗೆ ಟ್ರ್ಯಾಕ್ಟರ್ ಬೇರೆ.

ಅಂಗಡಿಯವರನ್ನು ದೂರುವುದಕ್ಕೆ ಈ ಲೇಖನ ಅಲ್ಲ. ಕೇಳಿದ್ದನ್ನು ಅವರು ಕೊಟ್ಟರು. ಏನು ಕೇಳಬೇಕು ಅನ್ನುವುದು ನನಗೆ ಗೊತ್ತಿರಲಿಲ್ಲ.

ಕೆಲಸ ಮಾಡುವ ಬಗೆ

ಸೆಲ್ಫ್ ಮೋಟರಿನ ತುದಿಯಲ್ಲಿ ಒಂದು ಚಿಕ್ಕ ಹಲ್ಲಿನ ಚಕ್ರ, ಅದೇ ಪಿನಿಯನ್. ಎಂಜಿನ್ನಿನ ಫ್ಲೈವೀಲ್ ಸುತ್ತ ದೊಡ್ಡ ಹಲ್ಲಿನ ಬಳೆ, ಅದೇ ರಿಂಗ್ ಗೇರ್. ಕೀಲಿ ತಿರುಗಿಸಿದಾಗ ಮೋಟರಿನ ಬೆನ್ನ ಮೇಲಿರುವ ಸಾಲಿನಾಯ್ಡ್ ಒಂದು ಕವಲುಕೋಲನ್ನು ಎಳೆಯುತ್ತದೆ. ಅದು ಪಿನಿಯನ್ನನ್ನು ಮುಂದಕ್ಕೆ ತಳ್ಳಿ ರಿಂಗ್ ಗೇರಿನ ಹಲ್ಲಿಗೆ ಕೂಡಿಸುತ್ತದೆ. ಕೂಡಿದ ಮೇಲೆ ಮೋಟರಿಗೆ ಪೂರ್ತಿ ಕರೆಂಟು. ಎಂಜಿನ್ ಎದ್ದ ಮೇಲೆ ಕೀಲಿ ಬಿಟ್ಟರೆ ಸ್ಪ್ರಿಂಗ್ ಪಿನಿಯನ್ನನ್ನು ವಾಪಸ್ ಎಳೆದುಕೊಳ್ಳುತ್ತದೆ.

ಪಿನಿಯನ್ನಿನ ಹಿಂದಿರುವ ದಪ್ಪ ಡಬ್ಬಿಯೊಳಗೆ ಒಂದೇ ಕಡೆ ಹಿಡಿಯುವ ಕ್ಲಚ್ ಇದೆ. ಸೈಕಲ್ಲಿನ ಫ್ರೀವೀಲ್ ಇದ್ದ ಹಾಗೆ. ಮೋಟರ್ ಎಂಜಿನ್ನನ್ನು ತಿರುಗಿಸಬಹುದು, ಎಂಜಿನ್ ಮೋಟರನ್ನು ತಿರುಗಿಸಬಾರದು. ಯಾಕೆ ಅಂತ ಒಂದು ಲೆಕ್ಕ ನೋಡಿ. ರಿಂಗ್ ಗೇರಿಗೆ 120 ಹಲ್ಲು, ಪಿನಿಯನ್ನಿಗೆ 10 ಇದ್ದರೆ ಎಂಜಿನ್ ಒಂದು ಸುತ್ತಿಗೆ ಪಿನಿಯನ್ 12 ಸುತ್ತು. ಎಂಜಿನ್ ಎದ್ದು ನಿಮಿಷಕ್ಕೆ 1,500 ಸುತ್ತು ಹೊಡೆದರೆ ಪಿನಿಯನ್ 18,000 ಸುತ್ತು. ಆ ವೇಗ ಆರ್ಮೇಚರಿಗೆ ಹೋದರೆ ಅದರ ತಾಮ್ರದ ಸುತ್ತು ಕಿತ್ತು ಹೊರಬರುತ್ತದೆ. ಅದಕ್ಕೇ ಈ ಕ್ಲಚ್. ಇದು ಸವೆದು ಜಾರಿದಾಗ ಬರುವುದೇ ನಾನು ಮೊದಲು ಹೇಳಿದ ಕುಂಯ್.

ಬೆಂಡಿಕ್ಸ್ ಅನ್ನುವ ಹೆಸರೇ ಅರ್ಧ ಗೊಂದಲಕ್ಕೆ ಕಾರಣ. ಮೋಟಾರು ಗಾಡಿಗಳಿಗೆ ಮೊದಲು ಹ್ಯಾಂಡಲ್ಲೇ ಗತಿ. ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಆ ದಶಕದಲ್ಲೇ ವಿನ್ಸೆಂಟ್ ಬೆಂಡಿಕ್ಸ್ ಎಂಬಾತ, ಮೋಟರ್ ತಿರುಗಿದ ರಭಸಕ್ಕೆ ತಾನೇ ತಿರುಪಿನ ಮೇಲೆ ಓಡಿ ಹೋಗಿ ಕೂಡಿಕೊಳ್ಳುವ ಪಿನಿಯನ್ ಮಾಡಿದ. ನಿಜವಾದ ಬೆಂಡಿಕ್ಸ್ ಅಂದರೆ ಅದು. ನಮ್ಮ ಹಳೇ ಅಂಬಾಸಿಡರ್ ಕಾರುಗಳಲ್ಲಿ ಇತ್ತು. ಮೋಟರಿನ ಬೆನ್ನ ಮೇಲೆ ಸಾಲಿನಾಯ್ಡ್ ಇರುವುದಿಲ್ಲ, ಶಾಫ್ಟಿನ ಮೇಲೆ ದಪ್ಪ ಸ್ಪ್ರಿಂಗ್ ಇರುತ್ತದೆ. ಡೀಸೆಲ್ ಎಂಜಿನ್ನಿಗೆ ಅದು ಅಷ್ಟು ಒಗ್ಗುವುದಿಲ್ಲ. ಎಂಜಿನ್ ಒಂದು ಸಲ ಕೆಮ್ಮಿದ ಕೂಡಲೇ ಪಿನಿಯನ್ ಹಿಂದಕ್ಕೆ ಎಸೆದುಬಿಡುತ್ತದೆ. ಈಗ ಟ್ರ್ಯಾಕ್ಟರುಗಳಲ್ಲಿ ಇರುವುದು ಸಾಲಿನಾಯ್ಡ್ ತಳ್ಳುವ ಜಾತಿ. ಎರಡನ್ನೂ ಬೆಂಡಿಕ್ಸ್ ಅಂತಲೇ ಕರೀತೇವೆ. ಹೆಸರು ಹೇಳಿ ಸಾಮಾನು ಕೇಳಿದರೆ ಯಾವುದೂ ಬರಬಹುದು.

ಒಂಬತ್ತು ಹಲ್ಲು, ಆದರೂ ಬೇರೆ

ನನ್ನ ಸಾಮಾನಿನ ತಪ್ಪು ತೋರಿಸಿಕೊಟ್ಟವರು ಶಿವಾಜಿನಗರದಲ್ಲಿ ಸೆಲ್ಫ್, ಡೈನಮೋ ಮಾತ್ರ ಮಾಡುವ ಒಬ್ಬ ಹಿರಿಯರು. ಹಳೆಯದು, ಹೊಸದು ಎರಡನ್ನೂ ಅವರ ಮುಂದಿಟ್ಟೆ.

"ಎಷ್ಟು ಹಲ್ಲು ಅಂತ ಎಣಿಸಿದ್ರಾ?"

"ಎಣಿಸಿದೆ ಭಾಯ್, ಎರಡೂ ಒಂಬತ್ತೇ."

"ಎಣಿಸಿದ್ದು ಸರಿ. ಹಲ್ಲಿನ ದಪ್ಪ ನೋಡಿದ್ರಾ? ಇದು ಮಿಲ್ಲಿಮೀಟರ್ ಹಲ್ಲು, ಅದು ಇಂಚಿನ ಹಲ್ಲು. ನೀವು ತಂದಿರೋದು ಬೇರೆ ಮನೆ ಸೊಸೆ ಅಣ್ಣ, ಈ ಮನೇಲಿ ಬಾಳಲ್ಲ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಲ್ಲಿನ ಚಕ್ರಗಳ ಹಲ್ಲಿನ ಗಾತ್ರಕ್ಕೆ ಎರಡು ಲೆಕ್ಕಗಳಿವೆ. ಮೀಟರ್ ಪದ್ಧತಿಯಲ್ಲಿ ಮಾಡ್ಯೂಲ್ ಅಂತಾರೆ. ಮಾಡ್ಯೂಲ್ 3 ಅಂದರೆ ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ ಅಂತರ ಸುಮಾರು 9.4 ಮಿ.ಮೀ. ಇಂಚಿನ ಪದ್ಧತಿಯಲ್ಲಿ ಡಿ.ಪಿ. ಅಂತಾರೆ. 8 ಡಿ.ಪಿ. ಅಂದರೆ ಆ ಅಂತರ ಸುಮಾರು 10 ಮಿ.ಮೀ. ಹಲ್ಲಿಗೆ ಅರ್ಧ ಮಿಲ್ಲಿಮೀಟರ್ ಮಾತ್ರ ವ್ಯತ್ಯಾಸ, ಕಣ್ಣಿಗೆ ಕಾಣುವುದಿಲ್ಲ. ಇನ್ನೂ ಮೋಸ ಮಾಡುವ ವಿಷಯ ಒಂದಿದೆ. ಇಂಚಿನ ಪಿನಿಯನ್ನುಗಳಲ್ಲಿ ಹಲ್ಲನ್ನು ಗಿಡ್ಡ ಮಾಡಿರುವುದುಂಟು, ಅದಕ್ಕೆ 8/10 ಅಂತ ಎರಡು ಅಂಕಿ ಬರೆಯುತ್ತಾರೆ. ಹಲ್ಲು ಗಿಡ್ಡ ಆದ್ದರಿಂದ ಪಿನಿಯನ್ನಿನ ಹೊರಸುತ್ತಿನ ಅಳತೆ ಮಾಡ್ಯೂಲ್ 3ರದಕ್ಕೆ ಹೆಚ್ಚು ಕಡಿಮೆ ಸರಿಯಾಗಿಬಿಡುತ್ತದೆ. ಲೆಕ್ಕ ಹಾಕಿದರೆ ಒಂಬತ್ತು ಹಲ್ಲಿಗೆ ಒಂದು 33 ಮಿ.ಮೀ., ಇನ್ನೊಂದು 33.7 ಮಿ.ಮೀ. ಹಲ್ಲೂ ಸಮ, ಅಡ್ಡಳತೆಯೂ ಸಮ, ಆದರೆ ಹಲ್ಲು ಬೇರೆ!

ಇಂಥ ಜೋಡಿ ಕೂಡುವುದೇ ಇಲ್ಲ ಅಂತೇನಿಲ್ಲ, ಕೂಡುತ್ತದೆ. ಒಂದು ಹಲ್ಲು ಸರಿಯಾಗಿ ಕೂರುತ್ತದೆ, ಮುಂದಿನದು ಬರುವಾಗ ತುದಿಗೆ ತುದಿ ಉಜ್ಜುತ್ತದೆ. ಡೀಸೆಲ್ ಎಂಜಿನ್ನಿನ ಒತ್ತಡವೆಲ್ಲ ಒಂದೇ ಹಲ್ಲಿನ ತುದಿಗೆ ಬೀಳುತ್ತದೆ. ಎರಡು ಚಕ್ರಗಳೂ ಒಂದನ್ನೊಂದು ದೂರ ತಳ್ಳುತ್ತವೆ. ಮೂತಿಯ ಎರಕ ಸೀಳಿದ್ದು ಅದರಿಂದಲೇ.

ನಮ್ಮ ಹೊಲಗಳಲ್ಲಿ ಈ ಗೊಂದಲ ಯಾಕೆ ಜಾಸ್ತಿ ಅಂತ ಯೋಚಿಸಿದರೆ ಕಾರಣ ಸಿಗುತ್ತದೆ. ಇಲ್ಲಿ ಓಡುವ ಟ್ರ್ಯಾಕ್ಟರುಗಳು ನಾಲ್ಕಾರು ದೇಶದ ಮೂಲದವು. ಐಷರ್ 1959ರಲ್ಲಿ ಜರ್ಮನ್ ಸಹಯೋಗದಲ್ಲಿ ಬಂತು. ಮದರಾಸಿನ ಟಾಫೆ 1960ರಿಂದ ಮ್ಯಾಸಿ ಫರ್ಗ್ಯುಸನ್ ಜೊತೆ. ಮಹೀಂದ್ರದವರು 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ. ಬೆಂಗಳೂರಿನದೇ ಆದ ಹೆಚ್.ಎಂ.ಟಿ. 1971ರಲ್ಲಿ ಪಿಂಜೋರ್ ಕಾರ್ಖಾನೆಯಲ್ಲಿ ಜೆಕೊಸ್ಲೊವಾಕಿಯದ ಜೆಟರ್ ತಂತ್ರಜ್ಞಾನದಲ್ಲಿ 25 ಹೆಚ್.ಪಿ. ಟ್ರ್ಯಾಕ್ಟರ್ ಆರಂಭಿಸಿತು. ನಮ್ಮ ಮಹದೇವಪುರದ ವಿ.ಎಸ್.ಟಿ. ಟಿಲ್ಲರ್ಸ್ 1967ರದು, ಜಪಾನಿನ ಮಿತ್ಸುಬಿಷಿ ಸಹಯೋಗ. ಅದರ 18.5 ಹೆಚ್.ಪಿ. ಚಿಕ್ಕ ಟ್ರ್ಯಾಕ್ಟರ್ ಸಣ್ಣ ಹಿಡುವಳಿದಾರರಿಗೆ ಚೆನ್ನಾಗಿ ಗೊತ್ತು. ಸೆಲ್ಫ್ ಮೋಟರ್ ಮಾಡುವವರು ಬೇರೆ. ಮದರಾಸಿನ ಪಾಡಿಯ ಲ್ಯೂಕಾಸ್ ಟಿವಿಎಸ್ 1961ರಿಂದ ಇದೆ. ಒಂದೇ ಕಂಪನಿಯ ಮೋಟರ್ ಹತ್ತು ಟ್ರ್ಯಾಕ್ಟರುಗಳಿಗೆ ಹೋಗಿರುತ್ತದೆ, ಹೊರಗಿನ ಮೈ ಒಂದೇ ಥರ ಇರುತ್ತದೆ, ಮೂತಿ ಮತ್ತು ಪಿನಿಯನ್ ಮಾತ್ರ ಬೇರೆ ಬೇರೆ.

ಅದರ ಮೇಲೆ ಕಾರ್ಖಾನೆ ಮುಚ್ಚಿದ ಟ್ರ್ಯಾಕ್ಟರುಗಳ ಪಾಡು. ಹೆಚ್.ಎಂ.ಟಿ. ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಟ್ರ್ಯಾಕ್ಟರುಗಳೇನೋ ಇನ್ನೂ ಗಟ್ಟಿಯಾಗಿ ಹೊಲದಲ್ಲಿ ದುಡಿಯುತ್ತಿವೆ. ಇಂಥವಕ್ಕೆಲ್ಲ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿಯೇ ಆಸರೆ. "ಇದೂ ಹೊಂದುತ್ತೆ ತಗೊಳ್ಳಿ" ಅನ್ನುವ ಮಾತು ಅಲ್ಲಿ ಶುರುವಾಗುತ್ತದೆ. ಹೊಂದುವುದೂ ಉಂಟು ಅನ್ನಿ.

ಇನ್ನೊಂದು ಮಾತು. 2007ರಲ್ಲಿ ಮಹದೇವಪುರ, ಕೆ.ಆರ್. ಪುರ ಎಲ್ಲ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದವು. ಹೊಲ ಲೇಔಟ್ ಆಯಿತು. ಹೊಲದ ಜೊತೆ ಟ್ರ್ಯಾಕ್ಟರ್ ಮೆಕ್ಯಾನಿಕ್ಕೂ ಹೋದ. ಈಗ ಇಲ್ಲಿ ಇರುವವರು ಕಾರಿನ ಮೆಕ್ಯಾನಿಕ್ಕುಗಳು. ಕಂಪ್ಯೂಟರ್ ಹಾಕಿ ನೋಡುತ್ತಾರೆ, ನಮ್ಮ ಟ್ರ್ಯಾಕ್ಟರಿಗೆ ಆ ಕಂಪ್ಯೂಟರ್ ಚುಚ್ಚುವ ತೂತೇ ಇಲ್ಲ. ನಮ್ಮ ಅಳತೆ ನಾವೇ ನೋಡಿಕೊಳ್ಳಬೇಕಾದ ಕಾಲ.

ಸ್ಕೇಲು ಸಾಕು

ಸೆಲ್ಫ್ ಬಿಚ್ಚಿದಾಗ ಆ ತೂತಿನಲ್ಲಿ ರಿಂಗ್ ಗೇರಿನ ಕೆಲವು ಹಲ್ಲು ಕಾಣುತ್ತವೆ. ಬ್ಯಾಟರಿ ತಂತಿ ಬಿಚ್ಚಿಟ್ಟೇ ಈ ಕೆಲಸಕ್ಕೆ ಕೈ ಹಾಕಿ. ಒಂದು ಕಾಗದವನ್ನು ಹಲ್ಲಿನ ತುದಿಗಳ ಮೇಲೆ ಬಳಸಿ ಹೆಬ್ಬೆರಳಲ್ಲಿ ಒತ್ತಿ. ಗ್ರೀಸಿನ ಮಸಿ ಕಾಗದಕ್ಕೆ ಅಂಟುತ್ತದೆ. ಒಂದನೇ ಗುರುತಿನಿಂದ ಆರನೇ ಗುರುತಿಗೆ, ಅಂದರೆ ಐದು ಅಂತರ, ಮಕ್ಕಳ ಸ್ಕೇಲಿನಲ್ಲಿ ಅಳೆಯಿರಿ. ನೂರಹತ್ತು, ನೂರಿಪ್ಪತ್ತು ಹಲ್ಲಿನ ಬಳೆಯಲ್ಲಿ ಸುಮಾರು 48 ಮಿ.ಮೀ. ಬಂದರೆ ಮಾಡ್ಯೂಲ್ 3. ಸುಮಾರು 51 ಬಂದರೆ ಇಂಚಿನ 8 ಡಿ.ಪಿ. ಒಂದು ಹಲ್ಲಿನಲ್ಲಿ ಕಾಣದ ವ್ಯತ್ಯಾಸ ಐದು ಹಲ್ಲಿಗೆ ಎದ್ದು ಕಾಣುತ್ತದೆ. ನನ್ನದು 48 ಬಂತು. ಹೊಸ ಪಿನಿಯನ್ ತರುವ ಮೊದಲು ಈ ಐದು ನಿಮಿಷದ ಕೆಲಸ ಮಾಡಿದ್ದರೆ ಸಾಕಿತ್ತು.

ಪಿನಿಯನ್ ಹೋಲಿಸುವಾಗ ಹಲ್ಲಿನ ಮುಂತುದಿ ನೋಡಬೇಡಿ. ಅದು ರಿಂಗ್ ಗೇರಿಗೆ ಬಡಿದು ಬಡಿದು ಸವೆದಿರುತ್ತದೆ. ಕ್ಲಚ್ ಡಬ್ಬಿಯ ಪಕ್ಕದ ಬುಡದಲ್ಲಿ ಹಲ್ಲು ಹೊಸದರ ಹಾಗೇ ಇರುತ್ತದೆ. ವರ್ನಿಯರ್ ಇದ್ದವರು ಆ ಜಾಗದಲ್ಲಿ ಎರಡು ಹಲ್ಲನ್ನು ಒಟ್ಟಿಗೆ ಹಿಡಿದು ಅಳೆದು, ಹೊಸದರಲ್ಲೂ ಹಾಗೇ ಅಳೆಯಿರಿ. ನನ್ನ ಜೋಡಿಯಲ್ಲಿ ಮುಕ್ಕಾಲು ಮಿಲ್ಲಿಮೀಟರ್ ವ್ಯತ್ಯಾಸ ಬಂತು. ಅಷ್ಟು ಬಂದರೆ ಬೇರೆ ಜಾತಿ ಅಂತಲೇ ಲೆಕ್ಕ. ವರ್ನಿಯರ್ ಇಲ್ಲದವರು ಹೊಸ ಪಿನಿಯನ್ನನ್ನು ಕೈಯಲ್ಲಿ ಹಿಡಿದು ರಿಂಗ್ ಗೇರಿನ ಹಲ್ಲಿಗೆ ಕೂರಿಸಿ ನಾಲ್ಕೈದು ಹಲ್ಲು ಹೊರಳಿಸಿ ನೋಡಿ. ಸರಿಯಾದದ್ದು ಬೆಣ್ಣೆಯ ಹಾಗೆ ಹೊರಳುತ್ತದೆ.

ಕ್ಲಚ್ ಹಿಡಿಯುವ ದಿಕ್ಕು ತಪ್ಪುವುದೂ ಸಾಮಾನ್ಯ. ಹಳೇ ಬೆಂಡಿಕ್ಸಿನ ಡಬ್ಬಿ ಎಡಗೈಲಿ ಹಿಡಿದು ಪಿನಿಯನ್ ತಿರುಗಿಸಿ. ಒಂದು ಕಡೆಗೆ ಸಲೀಸು, ಇನ್ನೊಂದು ಕಡೆಗೆ ಬಿಗಿ. ಮೋಟರ್ ತಿರುಗುವ ದಿಕ್ಕಿಗೆ ಅದು ಸಲೀಸಾಗಿರಬೇಕು, ತದ್ವಿರುದ್ಧಕ್ಕೆ ಕಚ್ಚಬೇಕು. ಹಳೆಯದು ಪೂರ್ತಿ ಜಾರುತ್ತಿದ್ದರೆ ಒಳಗಿನ ಸ್ಪ್ಲೈನ್ ಯಾವ ಕಡೆ ವಾಲಿದೆ ಅಂತ ನೋಡಿ ಹೊಸದಕ್ಕೆ ಹೋಲಿಸಿ. ಸ್ಪ್ಲೈನ್ ಎಷ್ಟು ಅಂತಲೂ ಎಣಿಸಬೇಕು. ಒಂದು ಕಡಿಮೆ ಇದ್ದರೆ ಅದು ಶಾಫ್ಟಿಗೆ ಹತ್ತುವುದೇ ಇಲ್ಲ, ಆ ತಪ್ಪು ಅಂಗಡಿಯಲ್ಲೇ ಸಿಕ್ಕಿಬೀಳುತ್ತದೆ.

ಉದ್ದದ ತಪ್ಪು ಹಾಗಲ್ಲ, ಒಳಗೆ ಕೂತು ಕೆಲಸ ಕೆಡಿಸುತ್ತದೆ. ಸುಮ್ಮನಿರುವಾಗ ಪಿನಿಯನ್ನಿಗೂ ರಿಂಗ್ ಗೇರಿಗೂ ನಡುವೆ ಸುಮಾರು ಮೂರು ಮಿ.ಮೀ. ಸಂದು ಬೇಕು. ಬೆಂಡಿಕ್ಸ್ ಉದ್ದ ಹೆಚ್ಚಿದ್ದರೆ ಸದಾ ಉಜ್ಜುತ್ತಿರುತ್ತದೆ. ಗಿಡ್ಡ ಇದ್ದರೆ ಹಲ್ಲಿನ ಅರ್ಧ ಮಾತ್ರ ಕೂಡುತ್ತದೆ, ಆ ಅರ್ಧವೇ ಮುರಿಯುತ್ತದೆ. ಕೂಡಿದಾಗ ಹಲ್ಲಿನ ನಡುವೆ ಅರ್ಧ ಮಿಲ್ಲಿಮೀಟರಿನ ಸಡಿಲ ಇರಬೇಕು. ಆ ದಪ್ಪದ ತಂತಿ ತುಂಡು ತೂರಿಸಿ ನೋಡುತ್ತಾರೆ. ಸೆಲ್ಫ್ ಬಿಚ್ಚುವಾಗ ಮೂತಿಯ ಬಳಿ ತೆಳು ತಗಡಿನ ಬಿಲ್ಲೆ ಸಿಕ್ಕಿದರೆ ಕಸ ಅಂತ ಎಸೆಯಬೇಡಿ. ಅಂತರ ಸರಿಮಾಡುವುದಕ್ಕೇ ಹಾಕಿದ್ದು ಅದು.

ಬಿಚ್ಚದೆಯೇ ಕಿವಿಯಿಂದಲೂ ಒಂದಿಷ್ಟು ತಿಳಿಯುತ್ತದೆ. ಎಂಜಿನ್ ಏಳುವ ಮೊದಲು, ಸೆಲ್ಫ್ ತಿರುಗಿಸುತ್ತಿರುವಾಗಲೇ ಕೀರಲು ಸದ್ದು ಬಂದರೆ ಹಲ್ಲುಗಳ ನಡುವೆ ಸಡಿಲ ಜಾಸ್ತಿ. ಎಂಜಿನ್ ಎದ್ದ ಮೇಲೆ, ಕೀಲಿ ಬಿಡುವ ಹೊತ್ತಿಗೆ ಬಂದರೆ ಬಿಗಿ ಜಾಸ್ತಿ. ಕೂಡುವಾಗಲೇ ಕರ್ರ್ ಅಂದರೆ ಹಲ್ಲಿನ ಮುಖ ಹಾಳಾಗಿದೆ ಅಥವಾ ಅಳತೆಯೇ ಬೇರೆ.

ರಿಂಗ್ ಗೇರ್ ಹಾಕಿಸುವಾಗ

ರಿಂಗ್ ಗೇರ್ ಪೂರ್ತಿ ಒಂದೇ ಸಮ ಸವೆಯುವುದಿಲ್ಲ. ಎಂಜಿನ್ ಆಫ್ ಮಾಡಿದಾಗ ಅದು ಒಂದು ಸಿಲಿಂಡರ್ ಗಾಳಿ ಒತ್ತುವ ಜಾಗದಲ್ಲಿ ನಿಲ್ಲುತ್ತದೆ. ಒಂದು ಸಿಲಿಂಡರಿನದು ಹೆಚ್ಚು ಕಡಿಮೆ ಒಂದೇ ಜಾಗದಲ್ಲಿ, ಮೂರು ಸಿಲಿಂಡರಿನದು ಮೂರು ಜಾಗದಲ್ಲಿ, ನಾಲ್ಕರದು ಎದುರುಬದುರು ಎರಡು ಜಾಗದಲ್ಲಿ. ಸವೆತವೂ ಅಲ್ಲೇ. ಹಾಗಾಗಿ ತೂತಿನಲ್ಲಿ ಕಂಡ ನಾಲ್ಕು ಹಲ್ಲು ಚೆನ್ನಾಗಿವೆ ಅಂತ ನಂಬಿ ಕೂರಬೇಡಿ, ಫ್ಲೈವೀಲ್ ಒಂದು ಸುತ್ತು ತಿರುಗಿಸಿ ನೋಡಿ. ಸವೆದ ರಿಂಗ್ ಗೇರಿಗೆ ಹೊಸ ಬೆಂಡಿಕ್ಸ್ ಹಾಕಿದರೆ ಹೊಸದೂ ಬೇಗ ಹೋಗುತ್ತದೆ.

ಹೊಸ ಬಳೆಯನ್ನು ಕಾಯಿಸಿ ಕೂರಿಸುತ್ತಾರೆ. 200-250 ಡಿಗ್ರಿ ಸಾಕು. ಕೆಂಪಗೆ ಕಾಯಿಸಿದರೆ ಹಲ್ಲಿನ ಪದ ಹೋಗಿ ಮೆತ್ತಗಾಗುತ್ತದೆ. ಹಲ್ಲಿನ ಒಂದು ಅಂಚನ್ನು ಓರೆಯಾಗಿ ಕಡಿದಿರುತ್ತಾರೆ, ಪಿನಿಯನ್ ಸುಲಭವಾಗಿ ನುಗ್ಗಲಿ ಅಂತ. ಆ ಓರೆ ಪಿನಿಯನ್ ಬರುವ ಕಡೆಗೇ ಇರಬೇಕು. ತಿರುಗುಮುರುಗಾಗಿ ಹಾಕಿದರೆ ಮತ್ತೆ ಅದೇ ಕರ್ರ್. ಕ್ಲಚ್ ಬಿಗಿದು ಟ್ರ್ಯಾಕ್ಟರ್ ಕೂಡಿಸಿದ ಮೇಲೆ ಇದು ಗೊತ್ತಾದರೆ ಮತ್ತೆ ಬಿಚ್ಚುವ ಕೂಲಿ ಕೊಡುವವರು ನಾವೇ. ಕೂರಿಸುವ ದಿನ ನಾನು ಪಕ್ಕದಲ್ಲೇ ನಿಂತಿದ್ದೆ.

ಸ್ಕ್ರೂ ಡ್ರೈವರ್ ಬೇಡ

ಸೆಲ್ಫ್ ಸರಿಯಾಗಿ ಕೂಡದಿದ್ದಾಗ ನಾವೆಲ್ಲ ಮಾಡುವ ಒಂದು ಕೆಲಸ ಇದೆ. ಟ್ರ್ಯಾಕ್ಟರಿನ ಪಕ್ಕ ನೆಲದ ಮೇಲೆ ನಿಂತು ಸಾಲಿನಾಯ್ಡಿನ ಎರಡು ಬೋಲ್ಟುಗಳ ನಡುವೆ ಸ್ಕ್ರೂ ಡ್ರೈವರ್ ಇಟ್ಟು ಕಿಡಿ ಹೊಡೆಸುವುದು. ನಾನೂ ಮಾಡಿದವನೇ. ನಾವು ನಿಲ್ಲುವುದು ಹಿಂಗಾಲಿ ಮುಂದೆ. ಗೇರಿನಲ್ಲಿದ್ದರೆ ಏಳಬಾರದು ಅಂತ ಟ್ರ್ಯಾಕ್ಟರಿನಲ್ಲಿ ಸ್ವಿಚ್ ಇದ್ದರೂ ಈ ದಾರಿಯಲ್ಲಿ ಅದು ಕೆಲಸ ಮಾಡುವುದಿಲ್ಲ. ಗೇರಿನಲ್ಲಿದ್ದರೆ ಎಂಜಿನ್ ಎದ್ದ ಕ್ಷಣವೇ ಗಾಲಿ ಮೈಮೇಲೆ. ಓಡುವುದಕ್ಕೆ ಸಮಯ ಸಿಗುವುದಿಲ್ಲ. ಜಗತ್ತಿನಾದ್ಯಂತ ಟ್ರ್ಯಾಕ್ಟರಿನಿಂದ ರೈತರು ಸಾಯುವ ಗೊತ್ತಿರುವ ಬಗೆಗಳಲ್ಲಿ ಇದೂ ಒಂದು. ಆ ಹನ್ನೆರಡು ದಿನದಲ್ಲಿ ಒಂದು ಸಂಜೆ ನನ್ನ ಮಗ ಹೀಗೆ ಕಿಡಿ ಹೊಡೆಸಲು ಹೋದ. ಗೇರ್ ಎರಡರಲ್ಲಿತ್ತು. ಗಾಡಿ ಒಂದು ಮೊಳ ಜಿಗಿದು, ಕೊಟ್ಟಿಗೆಯ ಕಲ್ಲಿಗೆ ಮುಂಗಾಲಿ ತಾಗಿ ನಿಂತಿತು. ಅವನ ಕಾಲಿನ ಹೆಬ್ಬೆರಳಿನ ಉಗುರು ಹೋಯಿತು, ಅಷ್ಟೇ. ಅಂದಿನಿಂದ ಆ ಸ್ಕ್ರೂ ಡ್ರೈವರ್ ನನ್ನ ಕಪಾಟಿನಲ್ಲಿದೆ.

ಟಿಲ್ಲರ್ ಇಟ್ಟುಕೊಂಡವರು ಹ್ಯಾಂಡಲ್ ತಿರುಗಿಸಿ ಸಾಕಾಗಿ ಸೆಲ್ಫ್ ಹಾಕಿಸಬೇಕು ಅಂತ ಕೇಳುತ್ತಾರೆ. ಹ್ಯಾಂಡಲ್ ಹಿಂದಕ್ಕೆ ಹೊಡೆದು ಮಣಿಕಟ್ಟು ಮುರಿದುಕೊಂಡವರು ಪ್ರತಿ ಊರಿನಲ್ಲೂ ಇದ್ದಾರೆ. ಈಗ ಸೆಲ್ಫ್ ಇರುವ ಮಾದರಿಗಳೇ ಬಂದಿವೆ. ಹಳೆಯದಕ್ಕೆ ಹಾಕಿಸುವುದಾದರೆ ರಿಂಗ್ ಗೇರ್, ಮೋಟರ್, ಬ್ರಾಕೆಟ್ ಮೂರನ್ನೂ ಒಂದೇ ಸೆಟ್ಟಾಗಿ ಕೊಳ್ಳಿ. ರಿಂಗ್ ಗೇರ್ ಒಂದು ಕಡೆ, ಕಾರಿನ ಹಳೇ ಮೋಟರ್ ಇನ್ನೊಂದು ಕಡೆ ತಂದು ಬೆಸುಗೆ ಹಾಕಿಸಿದರೆ ನನ್ನ ಕಥೆಯೇ ಆಗುತ್ತದೆ. ಬ್ಯಾಟರಿ ಚಾರ್ಜ್ ಆಗಲು ಡೈನಮೋ ಬೇಕೆನ್ನುವುದನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಹ್ಯಾಂಡಲ್ಲೇ ಸಾಕು ಅನ್ನುವವರು ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟು ಹಿಡಿಯಿರಿ, ಸುತ್ತಿ ಹಿಡಿಯಬೇಡಿ.

ಕಡೆಗೆ ಶಿವಾಜಿನಗರದ ಭಾಯ್ ನನಗೆ ಹೊಂದುವ ಬೆಂಡಿಕ್ಸ್ ಹುಡುಕಿ ಕೊಟ್ಟರು. ಜೊತೆಗೆ ಒಂದು ತಾಕೀತು. ಬೆಂಡಿಕ್ಸನ್ನು ಪೆಟ್ರೋಲು, ಡೀಸೆಲ್ಲು, ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯಬಾರದು. ಕ್ಲಚ್ಚಿನೊಳಗೆ ಕಾರ್ಖಾನೆಯಲ್ಲಿ ತುಂಬಿದ ಗ್ರೀಸ್ ಕರಗಿ ಹೋಗುತ್ತದೆ, ಆಮೇಲೆ ಜಾರಲು ಶುರು. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ನನ್ನ ಮೊದಲನೆಯದು ಹೋದದ್ದು ಯಾಕೆ ಅಂತ ಆಗ ಹೊಳೆಯಿತು. ಹಿಂದಿನ ವರ್ಷ ಕಾರ್ಬನ್ ಬ್ರಷ್ ಬದಲಿಸಿದಾಗ ಅದನ್ನು ಡೀಸೆಲ್ ಡಬ್ಬಿಯಲ್ಲಿ ರಾತ್ರಿಯಿಡೀ ನೆನೆಹಾಕಿದವನು ನಾನೇ.

ಸವೆದ ಹಳೇ ಬೆಂಡಿಕ್ಸನ್ನು ಗುಜರಿಗೆ ಹಾಕಲಿಲ್ಲ. ಎಣ್ಣೆಬಟ್ಟೆಯಲ್ಲಿ ಸುತ್ತಿ ಟೂಲ್ ಬಾಕ್ಸಿನಲ್ಲಿ ಇಟ್ಟಿದ್ದೇನೆ. ಮುಂದಿನ ಸಲ ಅಂಗಡಿಗೆ ಹೋಗುವಾಗ ಸ್ಯಾಂಪಲ್ ಬೇಕಲ್ಲ. ಬಾಕ್ಸಿನ ಮುಚ್ಚಳದ ಒಳಗೆ ಬಣ್ಣದಲ್ಲಿ ಬರೆದುಕೊಂಡಿದ್ದೇನೆ: ಹಲ್ಲು 9, ಮಾಡ್ಯೂಲ್ 3, ರಿಂಗ್ ಗೇರ್ ಐದು ಹಲ್ಲಿಗೆ 48.